ಗಾಳಿ ಮ್ಯಾಲಕ್ಕ ಬರತೈತಿ

ಸಂಕ್ರಾಂತಿ ಕಳೆದ ಮೇಲೆ ನಮ್ಮ ಹೊಲದಲ್ಲಿ ಒಂದು ಸಂಜೆ ಸೀತನಿ ಸುಡುತ್ತೇವೆ. ಜೋಳದ ಕಾಳು ಹಾಲು ಬಿಟ್ಟು ಗಟ್ಟಿಯಾಗುವ ಮೊದಲಿನ ಎಂಟು ಹತ್ತು ದಿನವಷ್ಟೇ ಅದಕ್ಕೆ ಹದ. ನೆಲದಲ್ಲಿ ತಗ್ಗು ತೋಡಿ, ಕುಳ್ಳಿನ ಕೆಂಡ ಮಾಡಿ, ತೆನೆ ಹುದುಗಿಸಿ, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿದರೆ ಹಸಿರು ಕಾಳು ಉದುರುತ್ತವೆ. ಈ ಸಲ ಬಸವನ ಬಾಗೇವಾಡಿಯಿಂದ ಹೂವಿನ ಹಿಪ್ಪರಗಿಗೆ ಹೋಗುವ ದಾರಿಯ ನಮ್ಮ ಹೊಲದಲ್ಲಿ ಬೆಂಕಿಯ ಸುತ್ತ ಕೂತಾಗ ಮೊಮ್ಮಗ ಕೇಳಿದ: "ಅಜ್ಜಾ, ಅಕ್ಕನ ಸೈಕಲ್ ಗಿಡಕ್ಕ ನೇತುಹಾಕಿದ್ರಂತಲ್ಲ, ಆ ಕತಿ ಹೇಳು." ಗಿಡಕ್ಕೆ ಅಲ್ಲ, ಟ್ರ್ಯಾಕ್ಟರ್ ಎಂಜಿನ್ ಎತ್ತುವ ಚೈನ್ ಪುಲ್ಲಿಗೆ. ಅಂದು ಮಕ್ಕಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಪಶುಸಂಗೋಪನೆ ಇಲಾಖೆಯಲ್ಲಿ ಜಾನುವಾರು ಪರೀಕ್ಷಕನಾಗಿದ್ದವನು. ಹಳ್ಳಿಯವರ ಬಾಯಲ್ಲಿ ದನದ ಡಾಕ್ಟರ್. ಕೆಲಸಕ್ಕೆ ಸೇರಿದ್ದು ಇಂಡಿಯಲ್ಲಿ. ಅಲ್ಲಿಂದ ಸಿಂದಗಿ, ಮುದ್ದೇಬಿಹಾಳ, ಕೊನೆಗೆ ಬಸವನ ಬಾಗೇವಾಡಿ. ಮೊದಲ ಹತ್ತು ವರ್ಷ ನನ್ನ ಗಾಡಿ ಒಂದು ಕರಿ ಸೈಕಲ್. ಅದಕ್ಕೆ ಕಬ್ಬಿಣದ ಸಳಿಯ ಬ್ರೇಕು: ಹಿಡಿಕೆ ಎಳೆದರೆ ಸಳಿ ಎತ್ತಿ, ಎರಡು ರಬ್ಬರ್ ಕಟ್ಟೆಗಳು ಗಾಲಿಯ ಬಳೆಗೆ ಒಳಗಿನಿಂದ ಒತ್ತುತ್ತಿದ್ದವು. ಒಣ ದಿನಗಳಲ್ಲಿ ಅದು ಸಾಕು. ಆದರೆ ನಿಕ್ಕಲ್ ಹೊಳಪಿನ ಉಕ್ಕಿನ ಬಳೆ ನೀರು ಕುಡಿದರೆ ರಬ್ಬರ್ ಅದರ ಮೇಲೆ ಜಾರುತ್ತದೆ, ಹಿಡಿಯುವುದಿಲ್ಲ. ನಮ್ಮ ಎರಿ ಮಣ್ಣು ಬೇರೆ. ಮಳೆ ಬಿದ್ದ ಮೇಲೆ ಅದು ಗಾಲಿಗೆ ಅಂಟಿದರೆ ಹಿಟ್ಟು ನಾದಿದಂತೆ ಬ್ರೇಕಿನ ಸುತ್ತ ತುಂಬಿಕೊಳ್ಳುತ್ತದೆ.

1986ರ ಮಳೆಗಾಲ, ಸಿಂದಗಿ ತಾಲೂಕು. ಅದು ದನಗಳ ದೊಡ್ಡರೋಗದ (ರಿಂಡರ್‌ಪೆಸ್ಟ್) ವಿರುದ್ಧ ಲಸಿಕೆ ಹಾಕುತ್ತಿದ್ದ ಕಾಲ. ಆ ರೋಗ ಕೊಟ್ಟಿಗೆಗೆ ಹೊಕ್ಕರೆ ಕೊಟ್ಟಿಗೆ ಖಾಲಿ. ಭಾರತ ಅದರಿಂದ ಪೂರ್ತಿ ಬಿಡುಗಡೆಯಾಯಿತೆಂದು ಜಗತ್ತು ಒಪ್ಪಿದ್ದು 2006ರಲ್ಲಿ. 2011ರಲ್ಲಿ ಅದು ಭೂಮಿಯಿಂದಲೇ ಹೋಯಿತು. ನಾನು ಹೇಳುತ್ತಿರುವುದು ಆ ಬಿಡುಗಡೆಗೆ ಇಪ್ಪತ್ತು ವರ್ಷ ಹಿಂದಿನ ಮಾತು. ಬರ್ಫ ತುಂಬಿದ ಥರ್ಮಾಸಿನಲ್ಲಿ ಲಸಿಕೆ ಇಟ್ಟುಕೊಂಡು ಒಂದು ಊರಿಗೆ ಹೊರಟಿದ್ದೆ. ಊರವರು ದನಗಳನ್ನು ಅಗಸಿಯ ಹತ್ತಿರ ಕೂಡಿಸಿ ಕಾಯುತ್ತಿದ್ದರು. ಊರಿಗೆ ಮೊದಲು ಒಂದು ಹಳ್ಳ; ಹಳ್ಳಕ್ಕೆ ಕಲ್ಲುಮಣ್ಣಿನ ಇಳಿಜಾರು. ಬ್ರೇಕು ಹಿಡಿದೆ, ಗಾಲಿ ನಿಲ್ಲಲಿಲ್ಲ. ಚಪ್ಪಲಿ ನೆಲಕ್ಕೆ ಊರಿದೆ, ಚಪ್ಪಲಿ ಹರಿಯಿತು. ನನಗೆ ಮೊಣಕೈ ಕೆತ್ತಿತು, ಅಷ್ಟೇ. ಥರ್ಮಾಸ್ ಒಡೆಯಿತು. ಬರ್ಫು, ಗಾಜು, ಲಸಿಕೆ ಎಲ್ಲ ಕೆಂಪು ನೀರಿನಲ್ಲಿ ಹೋಯಿತು. ಆ ಜನ ದನಗಳನ್ನು ಬಿಚ್ಚಿಕೊಂಡು ಮನೆಗೆ ಹೋದದ್ದನ್ನು ನಾನು ಹಳ್ಳದ ದಂಡೆಯಲ್ಲಿ ನಿಂತು ನೋಡಿದೆ. ಮತ್ತೆ ಲಸಿಕೆ ತಂದು ಹಾಕಿದ್ದು ಒಂಬತ್ತು ದಿನಕ್ಕೆ. ಆ ಒಂಬತ್ತು ರಾತ್ರಿ ನನಗೆ ನಿದ್ದೆ ಇರಲಿಲ್ಲ. ಬ್ರೇಕು ಎಂಬ ಮಾತು ಬಂದರೆ ಈಗಲೂ ಮೊದಲು ನೆನಪಾಗುವುದು ಆ ಅಗಸಿಯೇ.

ಈಗ ಕತೆಗೆ ಬರುತ್ತೇನೆ. 2019ರ ಡಿಸೆಂಬರ್. ನನ್ನ ತಂಗಿಯನ್ನು ಕೊಟ್ಟಿದ್ದು ಇಂಡಿ ಕಡೆಯ ಹಳ್ಳಿಗೆ, ಲಿಂಬಿ ತೋಟದ ಮನೆತನ. ಅವಳ ಮಗಳಿಗೆ ಆಗ ಹದಿನೇಳು ವರ್ಷ, ವಿಜಯಪುರದಲ್ಲಿ ಸೈಕ್ಲಿಂಗ್ ಕಲಿಯುತ್ತಿದ್ದಳು. ನಮ್ಮ ಜಿಲ್ಲೆಗೂ ಸೈಕಲ್ಲಿಗೂ ಹಳೆಯ ನಂಟು. ಜಾತ್ರೆಗಳಲ್ಲಿ ಸೈಕಲ್ ಓಟ ಇಡುವ ಸೀಮೆ ಇದು. ಜಿಲ್ಲಾ ಕೇಂದ್ರದಲ್ಲಿ ಸೈಕ್ಲಿಂಗಿಗೆ ಕ್ರೀಡಾ ನಿಲಯವಿದೆ, ಭೂತನಾಳದ ಬಳಿ ವೆಲೋಡ್ರೋಮ್ ಕಟ್ಟಲು ಕೈಹಾಕಿದ್ದೂ ಅದಕ್ಕೇ. ನಮ್ಮ ಹುಡುಗಿ ಮೊದಲು ರಸ್ತೆ ಸೈಕಲ್ ಹೊಡೆಯುತ್ತಿದ್ದಳು. ಆ ವರ್ಷ ಗುಡ್ಡದ ಸೈಕಲ್ಲಿಗೆ ಮನಸ್ಸು ಕೊಟ್ಟಳು. ಗದಗಿನ ಕಡೆ ಗುಡ್ಡದಲ್ಲಿ ಆಯ್ಕೆಯ ಓಟವಿತ್ತು. ಅಲ್ಲಿಯ ಬಿಂಕದಕಟ್ಟಿಯಲ್ಲಿ ಮುಂದೆ ರಾಷ್ಟ್ರಮಟ್ಟದ ಸ್ಪರ್ಧೆಯೇ ನಡೆಯಿತು. ಆ ಕಲ್ಲು, ಆ ಇಳಿಜಾರು ಹಗುರವಲ್ಲ.

ಒಬ್ಬ ಹಿರಿಯ ಓಟಗಾರ್ತಿಯಿಂದ ಬಳಸಿದ ಸೈಕಲ್ಲೊಂದನ್ನು ಕೊಂಡಿದ್ದಳು. ಅದಕ್ಕೆ ಡಿಸ್ಕ್ ಬ್ರೇಕೇನೋ ಇತ್ತು, ಆದರೆ ತಂತಿ ಎಳೆಯುವ ಜಾತಿಯದು. ಜೊತೆಗೆ ಒಂದು ಡಬ್ಬಿ ತಂದಿದ್ದಳು: ಪರದೇಶದಿಂದ ಯಾರೋ ತಂದುಕೊಟ್ಟ ಶಿಮಾನೋ ಹೈಡ್ರಾಲಿಕ್ ಬ್ರೇಕಿನ ಜೋಡಿ, ಎಣ್ಣೆ ತುಂಬಿದ್ದು, ಇನ್ನೂ ಹೊಸದು. ಶುಕ್ರವಾರ ಸಂಜೆ ಬಾಗೇವಾಡಿಗೆ ಬಂದಳು. ಸೋಮವಾರ ಓಟ.

"ಮಾಮಾ, ಇದನ್ನ ಹಾಕಬೇಕು. ಹಾಸ್ಟೆಲಿನ್ಯಾಗ ಮಾಡವ್ರು ಊರಾಗಿಲ್ಲ. ನಿಮ್ಮ ಕೈ ಛಲೋ ಅದಾವ, ಮಾಡಿಕೊಡ್ರಿ."

ನನ್ನ ಕೈ ಸೂಜಿ ಹಿಡಿದ ಕೈ, ಪಾನಾ ಹಿಡಿದದ್ದು ಕಡಿಮೆ. ಆದರೂ ಹೂಂ ಅಂದೆ. ಅವಳ ಅವ್ವ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಅಣ್ಣಾ, ಗುಡ್ಡ ಇಳೀತಾಳಂತ. ಬ್ರೇಕ್ ನೀನ ನೋಡು."

ಶನಿವಾರ ಬೆಳಗ್ಗೆ ಪಡಸಾಲೆಯಲ್ಲಿ ಸೈಕಲ್ ನಿಲ್ಲಿಸಿ ಶುರು ಮಾಡಿದೆವು. ಡಿಸ್ಕನ್ನು ಕಚ್ಚಿ ಹಿಡಿಯುವ ಹಳೆಯ ಕ್ಯಾಲಿಪರ್ ಬಿಚ್ಚುವುದು, ಹೊಸದನ್ನು ಎರಡು ಬೋಲ್ಟಿನಲ್ಲಿ ಕೂರಿಸುವುದು ಕಷ್ಟವಲ್ಲ. ಡಿಸ್ಕಿಗೆ ಆರು ಸ್ಕ್ರೂ, ನಕ್ಷತ್ರ ಬಾಯಿಯವು. ಒಂದಾದ ಮೇಲೆ ಪಕ್ಕದ್ದಲ್ಲ, ಎದುರಿನದನ್ನು ಬಿಗಿಯಬೇಕೆಂದು ಅವಳೇ ಹೇಳಿಕೊಟ್ಟಳು. ಡಿಸ್ಕಿನ ಮುಖಕ್ಕೆ ಬೆರಳು ಮುಟ್ಟಿಸಬಾರದು, ಚರ್ಮದ ಜಿಡ್ಡು ಸಾಕು ಹಿಡಿತ ಕೆಡಲು. ಇದು ನನಗೆ ಒಗ್ಗಿದ ಶಿಸ್ತು. ಕುದಿಸಿದ ಸೂಜಿಯ ತುದಿಯನ್ನೂ ಯಾರೂ ಮುಟ್ಟುವುದಿಲ್ಲವಲ್ಲ.

ತೊಡಕು ಬಂದದ್ದು ಎಡ ಬಲದಲ್ಲಿ. ನಮ್ಮಲ್ಲಿ ಬಲಗೈ ಹಿಡಿಕೆ ಮುಂದಿನ ಗಾಲಿಗೆ, ಎಡಗೈಯದು ಹಿಂದಿನದಕ್ಕೆ. ಡಬ್ಬಿಯಲ್ಲಿ ಬಂದದ್ದು ತಿರುಗುಮುರುಗು: ಎಡಗೈ ಲಿವರಿಗೆ ಗಿಡ್ಡ ಪೈಪು, ಬಲಗೈಯದಕ್ಕೆ ಉದ್ದ ಪೈಪು. ಅಮೆರಿಕ, ಯುರೋಪಿನ ಬಹಳಷ್ಟು ಕಡೆ ಹಾಗೇ ರೂಢಿ. ಹಾಗೇ ಬಿಟ್ಟರೆ ಏನು ಅಂದೆ. ಹುಡುಗಿ ತಲೆ ಅಲ್ಲಾಡಿಸಿದಳು. "ಇಳಿಜಾರಿನ್ಯಾಗ ವಿಚಾರ ಮಾಡಾಕ ಹೊತ್ತು ಇರೂದಿಲ್ರಿ ಮಾಮಾ. ಕೈ ತಾನ ಹಿಡೀತೈತಿ." ಹಿಂದಿನ ಗಾಲಿ ಎಂದುಕೊಂಡು ಮುಂದಿನದನ್ನು ಗಟ್ಟಿ ಹಿಡಿದರೆ ಸವಾರ ಹಿಡಿಕೆಯ ಮೇಲಿಂದ ಹಾರಿ ಬೀಳುತ್ತಾನೆ. ಸರಿ, ಎರಡೂ ಪೈಪು ಲಿವರಿನಿಂದ ಬಿಚ್ಚಿ ಅದಲು ಬದಲು ಮಾಡಲೇಬೇಕು. ಅಂದರೆ ಕಾರ್ಖಾನೆಯಲ್ಲಿ ಮುಚ್ಚಿದ ಎಣ್ಣೆಯ ದಾರಿಯನ್ನು ನಾವು ತೆರೆಯಬೇಕು.

ಪೈಪಿನ ತುದಿಯಲ್ಲಿ ಒಂದು ಸಣ್ಣ ಹಿತ್ತಾಳೆಯ ಉಂಗುರ ಇರುತ್ತದೆ. ಎಂಟು ನಂಬರಿನ ನಟ್ಟು ಬಿಗಿದಂತೆ ಅದು ಪೈಪನ್ನು ಕಚ್ಚಿ ಹಿಡಿದು ಎಣ್ಣೆ ಸೋರದಂತೆ ಮಾಡುತ್ತದೆ. ಒಮ್ಮೆ ಕಚ್ಚಿದ ಉಂಗುರ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಆ ತುದಿಯನ್ನೇ ಕತ್ತರಿಸಿ ಹೊಸ ಉಂಗುರ, ಒಳಗೊಂದು ಹೊಸ ಕೊಳವೆಮೊಳೆ ಹಾಕಬೇಕು. ಎರಡು ಜೊತೆ ಡಬ್ಬಿಯಲ್ಲಿದ್ದವು. ಪೈಪಿನ ಬಾಯಿ ನೇರವಾಗಿ, ನಾರು ಬಿಡದೆ ಕತ್ತರಿಸಬೇಕು. ಅದಕ್ಕೆ ಬೇರೆ ಹತಾರು ಬರುತ್ತದಂತೆ, ನಮ್ಮಲ್ಲಿ ಇರಲಿಲ್ಲ. ನನ್ನ ಹಳೆಯ ಚೀಲದಲ್ಲಿ 22ನೇ ನಂಬರಿನ ಸರ್ಜಿಕಲ್ ಬ್ಲೇಡುಗಳಿದ್ದವು, ಕಾಗದ ಒಡೆಯದವು. ಬೇವಿನ ಹಲಗೆಯ ಮೇಲೆ ಪೈಪಿಟ್ಟು ಒಂದೇ ಒತ್ತಿಗೆ ಕತ್ತರಿಸಿದೆ. ಎತ್ತಿನ ಬಾವು ಕೊಯ್ಯುವ ಬ್ಲೇಡು ಅದು. ಬಾಯಿ ಕನ್ನಡಿಯಂತೆ ಬಂತು.

ಜೋಡಿಸಿ ಮುಗಿಸಿ ಲಿವರ್ ಒತ್ತಿದೆ. ಎರಡೂ ಮೆತ್ತಗೆ, ನೆನೆದ ಅವಲಕ್ಕಿಯ ಹಾಗೆ. ಹಿಡಿಕೆಯ ದಂಡಕ್ಕೇ ಬಂದು ತಾಗಿದವು. ಬಿಚ್ಚಿ ಹಾಕುವಾಗ ಎಣ್ಣೆ ಜಿನುಗಿ ಗಾಳಿ ಒಳಹೊಕ್ಕಿತ್ತು. ಹುಡುಗಿ ಏನೂ ಅನ್ನಲಿಲ್ಲ. ಲಿವರನ್ನು ಒತ್ತುತ್ತ ಬಿಡುತ್ತ ಸುಮ್ಮನೆ ನಿಂತಳು. ಹೊಸ ಬ್ರೇಕು ನನ್ನ ಕೈಯಲ್ಲಿ ಕೆಟ್ಟಿತು ಎಂಬ ಭಾರ ಎದೆಯ ಮೇಲೆ ಕೂತಿತು.

ಊರ ಹೊರಗೆ ಒಬ್ಬ ಮಿಸ್ತ್ರಿ ಚಾಚಾ ಇದ್ದಾರೆ. ಎಪ್ಪತ್ತು ದಾಟಿದವರು, ಟ್ರ್ಯಾಕ್ಟರು, ಜೀಪು, ಡೀಸೆಲ್ ಪಂಪು ಎಲ್ಲ ಬಿಚ್ಚಿ ಹಾಕಿದವರು. ಅವರ ಎಮ್ಮೆಗೆ ಎರಡು ಸಲ ಹಾಲುಜ್ವರ ಬಂದಾಗ ನಾನೇ ಹೋಗಿದ್ದೆ. ಸೈಕಲ್ ತಳ್ಳಿಕೊಂಡು ಅಲ್ಲಿಗೆ ಹೋದೆವು. ಚಾಚಾ ಲಿವರನ್ನು ಎರಡು ಸಲ ಒತ್ತಿ ನೋಡಿದರು, ಅಷ್ಟೇ.

"ಏರ್ ಹಿಡದೈತ್ರಿ ಡಾಕ್ಟರ್ ಸಾಬ್ರ. ಮತ್ತೇನಿಲ್ಲ."

ಹುಡುಗಿಗೆ ಅವರು ವಿವರಿಸಿದ್ದು ಹೀಗೆ: "ನಿಮ್ಮ ತ್ವಾಟದಾಗ ಪಂಪ್ ಅದ ಹೌದಿಲ್ಲ ಮಗಳ? ಪೈಪಿನ್ಯಾಗ ಗಾಳಿ ಹೊಕ್ಕರ ಮೋಟಾರ ತಿರಗತೈತಿ, ನೀರು ಏರೂದಿಲ್ಲ. ನೀವು ಮ್ಯಾಲಿಂದ ಕೊಡ ನೀರು ಸುರದು ಗಾಳಿ ಓಡಸ್ತೀರಿ. ಇದೂ ಅದ. ಎಣ್ಣಿ ಒತ್ತಿದ್ರ ಸಣ್ಣದಾಗೂದಿಲ್ಲ, ಬಲ ಆ ಕಡೆ ಮುಟ್ಟಸ್ತೈತಿ. ಗಾಳಿ ಒತ್ತಿದ್ರ ತಾನ ಕುಗ್ಗತೈತಿ. ನಿನ್ನ ಬೆರಳಿನ ಬಲ ಎಲ್ಲಾ ಗಾಳಿ ತಿಂದು ಕುಂತೈತಿ."

ಹದಿನೇಳನೇ ಶತಮಾನದಲ್ಲಿ ಪಾಸ್ಕಲ್ ತೋರಿಸಿದ ನಿಯಮ ಇದು. ಹೈಸ್ಕೂಲಿನಲ್ಲಿ ನಾನೂ ಉರು ಹೊಡೆದಿದ್ದೆ. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಗಾಲಿಗೆ ಇಂಥ ಎಣ್ಣೆ ಬ್ರೇಕು ಬಂತೆಂದು ಎಲ್ಲೋ ಓದಿದ್ದೆ. ಆದರೆ ಅದು ನಿಜವಾಗಿ ತಲೆಗೆ ಇಳಿದದ್ದು ಆ ಶೆಡ್ಡಿನಲ್ಲಿ, ತೋಟದ ಪಂಪಿನ ಮಾತು ಕೇಳಿದಾಗ.

ಚಾಚಾ ಗೂಡಿನಿಂದ ಬ್ರೇಕ್ ಆಯಿಲ್ ಡಬ್ಬಿ ತೆಗೆದರು. ಜೀಪಿಗೆ, ಟ್ರ್ಯಾಕ್ಸಿಗೆ ಹಾಕುವ ಡಾಟ್ 3. ಮುಚ್ಚಳ ತಿರುಗಿಸುತ್ತಿದ್ದಾಗ ಹುಡುಗಿ ಅವರ ಕೈ ಹಿಡಿದಳು.

"ಚಾಚಾ, ಬ್ಯಾಡ್ರಿ. ಇದಕ್ಕ ಮಿನರಲ್ ಆಯಿಲ್‌ನ ಬೇಕು. ಡಾಟ್ ಹಾಕಿದ್ರ ಒಳಗಿನ ರಬ್ಬರ್ ಉಬ್ಬತಾವ."

ಡಬ್ಬಿಯ ಜೊತೆ ಬಂದ ಕಾಗದದಲ್ಲೂ ಹಾಗೇ ಬರೆದಿತ್ತು. ಡಾಟ್ ಎಂಬುದು ಗ್ಲೈಕಾಲ್ ಜಾತಿಯ ದ್ರವ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಬಣ್ಣವನ್ನು ತಿನ್ನುತ್ತದೆ. ಅದಕ್ಕೆ ಒಗ್ಗುವ ರಬ್ಬರೇ ಬೇರೆ, ಮಿನರಲ್ ಆಯಿಲ್ಲಿಗೆ ಒಗ್ಗುವ ರಬ್ಬರೇ ಬೇರೆ. ಸೈಕಲ್ಲಿನಲ್ಲೂ ಎರಡು ಪಂಗಡ ಇವೆ: ಶಿಮಾನೋ, ಮಗೂರಾ, ಟೆಕ್ಟ್ರೋ ಮಿನರಲ್ ಆಯಿಲ್ಲಿನವು, ಹೇಯ್ಸ್, ಸ್ರ್ಯಾಮ್‌ನ ಬಹುಪಾಲು ಡಾಟಿನವು. ಒಂದರದ್ದು ಇನ್ನೊಂದಕ್ಕೆ ಸೇರಿಸಿದರೆ ಲಿವರೂ ಕ್ಯಾಲಿಪರೂ ಎರಡೂ ಹೋದಂತೆ.

ಹದಿನೇಳರ ಹುಡುಗಿ ಎಪ್ಪತ್ತರ ಮಿಸ್ತ್ರಿಯ ಕೈ ತಡೆದದ್ದಕ್ಕೆ ನನಗೆ ಕಸಿವಿಸಿಯಾಯಿತು. ಚಾಚಾ ಮಾತ್ರ ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿದರು. "ಖರೇ ಐತಿ. ಒಬ್ಬ ಡ್ರೈವರ್ ಜೀಪಿನ ಬ್ರೇಕ್ ಡಬ್ಬಿಗೆ ಎಂಜಿನ್ ಎಣ್ಣಿ ಸುರದಿದ್ದ. ಕಿಟ್ ಎಲ್ಲಾ ಉಬ್ಬಿ ನಾಕೂ ಗಾಲಿ ಜಾಮ್ ಆಗಿದ್ವು. ನಾನ ಬಿಚ್ಚೀನಿ. ಮರತಿದ್ದೆ ನೋಡು." ಅವರಿಗೆ ಹೇಳಿಸಿಕೊಳ್ಳಲು ಬೇಸರವೇ ಆಗಲಿಲ್ಲ. ಅಂಥ ಮಿಸ್ತ್ರಿಗಳಿಂದಲೇ ಗಾಡಿಗಳು ದಾರಿಯ ಮೇಲೆ ಉಳಿಯುತ್ತವೆ ಎಂದು ನನಗೆ ಅನ್ನಿಸುತ್ತದೆ.

ಆಮೇಲೆ ತಪ್ಪುವ ಸರದಿ ನನ್ನದು. ಮಿನರಲ್ ಆಯಿಲ್ ಅಂದರೆ ನಮ್ಮ ದವಾಖಾನೆಯ ಲಿಕ್ವಿಡ್ ಪ್ಯಾರಾಫಿನ್ನೇ ಅಲ್ಲವೇ? ದನಕ್ಕೆ ಹೊಟ್ಟೆ ಕಟ್ಟಿದರೆ ಕುಡಿಸುವುದು. ಔಷಧ ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಸಿಗುತ್ತಿತ್ತು. ಅದೂ ಖನಿಜದ ಎಣ್ಣೆಯೇ, ರಬ್ಬರನ್ನೂ ಕೆಡಿಸಲಾರದು. ನಾನು ಎದ್ದೇ ಬಿಟ್ಟಿದ್ದೆ. ಆದರೆ ದಪ್ಪ? ಸೂಜಿಯಲ್ಲಿ ಏರದ ಆ ದಪ್ಪ ಎಣ್ಣೆ ಅಷ್ಟು ಸಣ್ಣ ಪೈಪಿನಲ್ಲಿ, ಬೆಳಗಿನ ಥಂಡಿಯಲ್ಲಿ, ಲಿವರ್ ಬಿಟ್ಟ ಕ್ಷಣವೇ ಹಿಂದಕ್ಕೆ ಹರಿಯಬೇಕು. ಬ್ರೇಕಿನ ಎಣ್ಣೆ ಅದಕ್ಕಿಂತ ಎಷ್ಟೋ ತೆಳ್ಳಗಿರುತ್ತದೆ ಎಂದು ಹುಡುಗಿ ಹೇಳಿದಳು. ಸಿಂದಗಿಯ ಹಳ್ಳ ಕಣ್ಣಮುಂದೆ ಬಂತು. ಮರಳಿ ಕೂತೆ.

ವಿಜಯಪುರದ ಒಂದು ಸೈಕಲ್ ಅಂಗಡಿಗೆ ಅವಳೇ ಫೋನ್ ಮಾಡಿದಳು. ಶಿಮಾನೋ ಎಣ್ಣೆ 100 ಮಿಲಿಲೀಟರಿನ ಬಾಟಲಿ ಒಂದಿತ್ತು. ಸಂಜೆಯ ಬಸ್ಸಿಗೆ ಕೊಟ್ಟು ಕಳಿಸುತ್ತೇವೆ ಅಂದರು. ಏಳು ಗಂಟೆಗೆ ನಾನು, ಅವಳು, ಚಾಚಾನ ಮೊಮ್ಮಗ, ಮೂವರೂ ಬಸ್ ಸ್ಟ್ಯಾಂಡಿನಲ್ಲಿ. ಮನಗೂಳಿ ದಾಟಿ ಬಂದ ಬಸ್ಸಿನಿಂದ ಕಂಡಕ್ಟರ್ ಒಂದು ಸಣ್ಣ ಕಾಗದದ ಪೊಟ್ಟಣ ಇಳಿಸಿದರು. "ಔಷಧೇನ್ರಿ ಡಾಕ್ಟರ?" ಅಂದರು. ಹೌದು ಅಂದೆ.

ಚಾಚಾನ ಶೆಡ್ಡಿಗೆ ಮರಳುವಾಗ ಮನೆಯಿಂದ ನನ್ನ ಚೀಲ ತಂದಿದ್ದೆ. ಐವತ್ತು ಮಿಲಿಲೀಟರಿನ ಎರಡು ಹೊಸ ಸಿರಿಂಜು, ಸಲೈನ್ ಪೈಪು, ಹತ್ತಿ, ಐಸೊಪ್ರೊಪೈಲ್ ಆಲ್ಕೊಹಾಲು. ಈ ಕೆಲಸಕ್ಕೆ ಕಂಪನಿಯವರು ಒಂದು ಕೊಳವೆ ಬಟ್ಟಲು ಮಾರುತ್ತಾರೆ, ಲಿವರಿನ ತಲೆಯ ಮೇಲಿನ ಸಣ್ಣ ರಂಧ್ರಕ್ಕೆ ತಿರುಪಿ ಕೂರಿಸುವಂಥದ್ದು. ನಾವು ಒಂದು ಸಿರಿಂಜಿನ ದಂಡ ಕಿತ್ತು ಖಾಲಿ ಕೊಳವೆಯ ಮೂಗನ್ನು ಆ ರಂಧ್ರಕ್ಕೆ ಒತ್ತಿ ಕೂರಿಸಿದೆವು. ಬಿಗಿಯಾಗಿ ಕೂತಿತು, ಒಂಚೂರು ಜಿನುಗಿತು, ಹತ್ತಿ ಸುತ್ತಿದೆವು. ಗಾಲಿ ತೆಗೆದು, ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ದೂರದ ಗೂಡಿನಲ್ಲಿಟ್ಟೆವು. ಅವು ಒಂದು ಹನಿ ಎಣ್ಣೆ ಕುಡಿದರೂ ದಂಡ. ಪಿಸ್ಟನ್ನುಗಳು ಹೊರಗೆ ಬೀಳದಂತೆ ಅವುಗಳ ನಡುವೆ ಬೇವಿನ ಕಟ್ಟಿಗೆಯ ತುಂಡು ಕೆತ್ತಿ ಸಿಕ್ಕಿಸಿದೆವು.

ಮುಂದಿನ ಗಾಲಿಯದು ಮೊದಲು. ಸಿರಿಂಜಿನಲ್ಲಿ ನಸುಗೆಂಪು ಎಣ್ಣೆ ತುಂಬಿ, ಮೂತಿ ಮೇಲೆ ಮಾಡಿ, ಬೆರಳಿನಿಂದ ತಟ್ಟಿ ಗುಳ್ಳೆ ತೆಗೆದೆ. ಮೂವತ್ತು ವರ್ಷ ಇದೇ ಕೆಲಸ. ಕರು ಹಾಕಿದ ಮರುದಿನ ಎಮ್ಮೆ ನೆಲ ಹಿಡಿದು ಬಿದ್ದಿರುತ್ತದೆ. 450 ಮಿಲಿಲೀಟರ್ ಕ್ಯಾಲ್ಸಿಯಂ ಬಾಟಲಿಯನ್ನು ಬೆಚ್ಚಗೆ ಮಾಡಿ ಕತ್ತಿನ ರಕ್ತನಾಳಕ್ಕೆ ನಿಧಾನ ಇಳಿಸಬೇಕು. ಸೂಜಿ ಚುಚ್ಚುವ ಮೊದಲು ಔಷಧವನ್ನು ಪೈಪಿನ ತುದಿಯವರೆಗೆ ಹರಿಸಿ ಗಾಳಿಯನ್ನೆಲ್ಲ ಹೊರಹಾಕುತ್ತೇವೆ. ಕೈ ತಾನಾಗಿಯೇ ಅದನ್ನು ಮಾಡುತ್ತಿತ್ತು. ಹುಡುಗಿ ನನ್ನ ಬೆರಳನ್ನೇ ನೋಡುತ್ತಿದ್ದಳು.

ಸಲೈನ್ ಪೈಪನ್ನು ಕ್ಯಾಲಿಪರಿನ ನಿಪ್ಪಲ್ಲಿಗೆ ಹಾಕಿ, ಏಳು ನಂಬರಿನ ಪಾನಾದಿಂದ ಅದನ್ನು ಸಡಿಲ ಬಿಟ್ಟು, ಸಿರಿಂಜನ್ನು ಮೆಲ್ಲಗೆ ಒತ್ತಿದೆ. ಕೆಳಗಿನಿಂದ ಎಣ್ಣೆ ಏರುತ್ತ ಹೋಗಿ ಮೇಲಿನ ಕೊಳವೆಯಲ್ಲಿ ಗುಳ್ಳೆ ಒಡೆಯತೊಡಗಿತು. ಮೊದಲು ದೊಡ್ಡವು, ಆಮೇಲೆ ಸಾಸಿವೆ ಕಾಳಿನಂಥವು, ಆಮೇಲೆ ಏನೂ ಇಲ್ಲ. ನಿಪ್ಪಲ್ ಮುಚ್ಚಿದೆವು. ಕೆಳಗೆ ಬಾಟಲಿ ಕಟ್ಟಿ ನಿಪ್ಪಲನ್ನು ಮತ್ತೆ ತುಸುವೇ ತೆರೆದು ಎಣ್ಣೆಯನ್ನು ತನ್ನ ಭಾರಕ್ಕೆ ಇಳಿಯಲು ಬಿಟ್ಟು, ಪೈಪಿನುದ್ದಕ್ಕೂ ಪಾನಾದ ಹಿಡಿಕೆಯಿಂದ ತಟ್ಟಿದೆವು. ಮೇಲಿನ ಕೊಳವೆ ಬರಿದಾಗದಂತೆ ಹುಡುಗಿ ಎಣ್ಣೆ ಸುರಿಯುತ್ತಿದ್ದಳು.

ಕೊನೆಯ ಭಾಗ ಚಾಚಾನದು. ಅದನ್ನು ಅವರು ಟ್ರ್ಯಾಕ್ಸಿನ ಕೆಳಗೆ ಮಲಗಿ ಎಷ್ಟು ಸಲ ಮಾಡಿದ್ದಾರೋ.

"ಒತ್ತು ಮಗಳ. ಒತ್ತು. ಒತ್ತು. ಹಿಡಿ."

ಅವಳು ಹಿಡಿದಾಗ ನಿಪ್ಪಲನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ತೆರೆದು ಮುಚ್ಚುವರು. ಚಿಕ್ಕ ಗುಳ್ಳೆಯೊಂದು ಪೈಪಿನಲ್ಲಿ ಓಡುವುದು.

"ಬಿಡು. ಮತ್ತ ಒತ್ತು. ಹಿಡಿ. ಬ್ಯಾಡ, ಬಿಡಬ್ಯಾಡ, ನಾ ಅನ್ನೂತನಕ ಬಿಡಬ್ಯಾಡ. ಹಾಂ, ಬಿಡು."

ನಿಪ್ಪಲ್ ತೆರೆದಿದ್ದಾಗ ಲಿವರ್ ಬಿಟ್ಟರೆ ಅದು ಹೊರಗಿನ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಆದ್ದರಿಂದ ಆ ಕೂಗು. ಮೂರನೇ ಸಲಕ್ಕೆ ಲಿವರ್ ಅರ್ಧ ದಾರಿಯಲ್ಲಿ ಕಲ್ಲಿನಂತೆ ನಿಂತಿತು. ಹುಡುಗಿ ಮೊದಲ ಸಲ ನಕ್ಕಳು.

ಹಿಂದಿನದು ಹಟ ಹಿಡಿಯಿತು. ಅದೇ ಕ್ರಮ, ಅದೇ ಎಣ್ಣೆ. ಒಂಬತ್ತು ಗಂಟೆಯಿಂದ ಹನ್ನೊಂದರವರೆಗೆ ಮಾಡಿದೆವು. ಲಿವರ್ ಗಟ್ಟಿಯಾದಂತೆ ತೋರುವುದು, ಐದು ನಿಮಿಷಕ್ಕೆ ಮತ್ತೆ ಮೆತ್ತಗೆ. ನಡುವೆ ಕರೆಂಟು ಹೋಯಿತು. ಚಾಚಾನ ಮೊಮ್ಮಗ ಮೊಬೈಲಿನ ಬೆಳಕು ಹಿಡಿದು ನಿಂತ. ಬಾಟಲಿಯಲ್ಲಿ ಎಣ್ಣೆ ಕಾಲುಭಾಗ ಉಳಿದಿತ್ತು. ಅದು ಮುಗಿದರೆ ಬೆಳಗಿನ ತನಕ ದಾರಿಯಿಲ್ಲ, ಬೆಳಗಾದರೆ ಭಾನುವಾರ. ಚಾಚಾ ಸೈಕಲ್ಲನ್ನು ಪಕ್ಕದಿಂದ ನೋಡುತ್ತ ಬೀಡಿ ಹಚ್ಚಿದರು. ಎಣ್ಣೆಯ ನೆನಪಾಗಿ ಹೊರಗೆ ಹೋಗಿ ಸೇದಿ ಬಂದರು. ಬಂದವರೇ ಬೆಳಕನ್ನು ಪೈಪಿನ ಮೇಲೆ ಹಿಡಿಸಿದರು. ಹಿಂದಿನ ಗಾಲಿಯಿಂದ ಪೈಪು ಮೇಲೇರಿ, ಸೀಟಿನ ಕೆಳಗೆ ಬಾಗಿ, ನಡುದಂಡದಗುಂಟ ಹೆಚ್ಚುಕಡಿಮೆ ಅಡ್ಡಲಾಗಿ ಬಂದು, ಒಂದು ಕಡೆ ಕೆಳಗಿಳಿದು, ಮತ್ತೆ ಲಿವರಿಗೆ ಏರುತ್ತಿತ್ತು.

"ಇಲ್ಲಿ ಡುಬ್ಬ ಐತಿ ನೋಡ್ರಿ. ಗಾಳಿ ಇಲ್ಲಿ ಬಂದು ಕುಂದರತೈತಿ. ಅದಕ್ಕ ಮ್ಯಾಲಕ್ಕ ಹೋಗೂದು ಒಂದ ಗೊತ್ತು. ನಾವು ಅದಕ್ಕ ದಾರಿ ಕೊಟ್ಟಿಲ್ಲ."

ಶೆಡ್ಡಿನ ತೊಲೆಗೆ ಎಂಜಿನ್ ಎತ್ತುವ ಚೈನ್ ಪುಲ್ಲಿ ನೇತಾಡುತ್ತಿತ್ತು. ಗೋಣಿಚೀಲ ಸುತ್ತಿ ಸೈಕಲ್ಲಿನ ಕೊರಳಿಗೆ ಹಗ್ಗ ಹಾಕಿದರು. ಚೈನ್ ಎಳೆದಂತೆ ಆ ಸೈಕಲ್ ಮೂತಿ ಮೇಲೆ ಮಾಡಿ ಎದ್ದು ನಿಂತಿತು, ಕಿಲಾರಿ ಹೋರಿ ಮುಂಗಾಲು ಎತ್ತಿದ ಹಾಗೆ. ಕ್ಯಾಲಿಪರನ್ನು ಬಿಚ್ಚಿ ಕೆಳಗೆ ನೇತುಬಿಟ್ಟೆವು. ಲಿವರಿನ ಪಟ್ಟಿ ಸಡಿಲ ಮಾಡಿ, ತಿರುಗಿಸಿ, ಅದರ ತಲೆ ಆಕಾಶ ನೋಡುವಂತೆ ಇಟ್ಟೆವು. ಈಗ ಕೆಳಗಿನಿಂದ ಮೇಲಿನವರೆಗೆ ಪೈಪು ಬಾವಿಯ ಹಗ್ಗದಂತೆ ನೆಟ್ಟಗೆ.

ಸಿರಿಂಜಿನಲ್ಲಿ ಉಳಿದ ಎಣ್ಣೆಯನ್ನು ತಳದಿಂದ ಒತ್ತಿದೆ. ಏನೂ ಬರಲಿಲ್ಲ. ಚಾಚಾ ಪೈಪನ್ನು ಕೆಳಗಿನಿಂದ ಮೇಲಕ್ಕೆ ಬೆರಳಿನಿಂದ ಮಿಡಿಯುತ್ತ ಬಂದರು, ಡುಬ್ಬ ಇದ್ದ ಜಾಗಕ್ಕೆ ಬಂದಾಗ ಎರಡು ಸಲ ಜೋರಾಗಿ. ಮೇಲಿನ ಕೊಳವೆಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಗುಳ್ಳೆಯೊಂದು ಬುಳಕ್ ಎಂದು ಎದ್ದು ಒಡೆಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಸಣ್ಣವುಗಳ ಸಾಲು. ಹುಡುಗ ಬೆಳಕು ಹಿಡಿದ ಕೈಯಲ್ಲೇ ಕುಣಿದ. "ಗಾಳಿ ಮ್ಯಾಲಕ್ಕ ಬರತೈತಿ," ಚಾಚಾ ಅಂದರು, ತಮಗೇ ಹೇಳಿಕೊಂಡಂತೆ.

ಅಷ್ಟಾದರೂ ಲಿವರ್ ಒತ್ತಿ ಅವರಿಗೆ ಪೂರಾ ಸಮಾಧಾನವಾಗಲಿಲ್ಲ. ಹಳೆಯ ಟ್ಯೂಬಿನ ಪಟ್ಟಿಯೊಂದನ್ನು ಕತ್ತರಿಸಿ ಲಿವರನ್ನು ಒತ್ತಿದ ಸ್ಥಿತಿಯಲ್ಲೇ ಹಿಡಿಕೆಗೆ ಕಟ್ಟಿದರು. "ರಾತ್ರಿ ಹಿಂಗ ಇರಲಿ. ಸಣ್ಣ ಗುಳ್ಳಿ ಏನರ ಉಳಿದಿದ್ರ ಬೆಳತನಕ ಮ್ಯಾಲ ಬಂದಿರತಾವ." ಒಂದು ಗಂಟೆಗೆ ಮನೆಗೆ ಬಂದೆವು. ಹುಡುಗಿ ಊಟ ಮಾಡದೆ ಮಲಗಿಬಿಟ್ಟಳು.

ಬೆಳಗ್ಗೆ ಪಟ್ಟಿ ಬಿಚ್ಚಿ, ಮೇಲಿನ ಕೊಳವೆ ಮತ್ತೊಮ್ಮೆ ಕೂರಿಸಿ ಲಿವರ್ ಒತ್ತಿದಾಗ ಸೂಜಿಮೊನೆಯಷ್ಟು ಎರಡು ಗುಳ್ಳೆ ಬಂದವು. ಅಷ್ಟೇ ಉಳಿದಿತ್ತು. ರಂಧ್ರ ತುಂಬಿ ತುಳುಕುವಾಗಲೇ ತಿರುಪು ಹಾಕಿ ಮುಚ್ಚಿದೆವು. ಮೈಯೆಲ್ಲ ಆಲ್ಕೊಹಾಲಿನಿಂದ ಒರೆಸಿ, ಪ್ಯಾಡು ಕೂರಿಸಿ, ಗಾಲಿ ಹಾಕಿ, ಕ್ಯಾಲಿಪರಿನ ಬೋಲ್ಟು ಸಡಿಲ ಇಟ್ಟು ಲಿವರ್ ಹಿಡಿದರೆ ಅದು ತಾನೇ ಡಿಸ್ಕಿನ ನಡುವಿಗೆ ಬಂದು ನಿಲ್ಲುತ್ತದೆ, ಹಿಡಿದಂತೆಯೇ ಬಿಗಿದೆವು. ಹೊಸ ಪ್ಯಾಡು ಮೊದಲ ದಿನವೇ ಹಿಡಿಯುವುದಿಲ್ಲ, ಡಿಸ್ಕಿಗೂ ಅದಕ್ಕೂ ಪರಿಚಯವಾಗಬೇಕು. ಊರ ಹೊರಗಿನ ದಾರಿಯಲ್ಲಿ ಅವಳು ವೇಗ ಹಿಡಿದು, ನಿಲ್ಲುವ ಮೊದಲೇ ಬ್ರೇಕ್ ಬಿಟ್ಟು, ಮತ್ತೆ ವೇಗ ಹಿಡಿದು, ಹೀಗೆ ಇಪ್ಪತ್ತು ಇಪ್ಪತ್ತೈದು ಸಲ ಮಾಡಿದಳು.

ಅದಾದ ಮೇಲೆ ನಾನು ಹೇಳಿದೆ: ಒಂದು ಇಳಿಜಾರು ನೋಡಬೇಕು. ಹಳ್ಳಕ್ಕೆ ಇಳಿಯುವ ಒಂದು ಗಾಡಿಹಾದಿ ಇದೆ, ಕಲ್ಲುಗುಂಡಿನದು. ಅವಳು ಮೇಲೆ ಹೋದಳು. ನಾನು ಕೆಳಗೆ, ಹಾದಿಯ ನಡುವೆ ನಿಂತೆ. ಚಾಚಾ ಬದಿಗೆ ಬರ್ರಿ ಅಂದರು. ಬರಲಿಲ್ಲ. ಯಾಕೆ ಎಂದು ಅವರಿಗೆ ಹೇಳಲಿಲ್ಲ. ಸಿಂದಗಿಯ ಥರ್ಮಾಸಿನ ಮಾತು ಆವರೆಗೆ ಯಾರಿಗೂ ಹೇಳಿರಲಿಲ್ಲ. ಹುಡುಗಿ ಪೆಡಲಿನ ಮೇಲೆ ಎದ್ದು ನಿಂತು, ಸೊಂಟ ಹಿಂದಕ್ಕೆ ಮಾಡಿ ಇಳಿದು ಬಂದಳು. ಕಲ್ಲು ಸಿಡಿಯುತ್ತಿದ್ದವು. ಹತ್ತು ಮಾರು ದೂರ ಇರುವಾಗ ಒಂದೊಂದೇ ಬೆರಳು ಲಿವರಿನ ಮೇಲೆ ಮಡಚಿದ್ದು ಕಂಡಿತು. ಗಾಲಿ ಕಿರುಚಲಿಲ್ಲ, ಜಾರಲಿಲ್ಲ. ನನ್ನಿಂದ ಒಂದು ಮಾರು ಆಚೆ ಸೈಕಲ್ ನಿಂತಿತ್ತು.

"ಯಾಕ ಅಳತೀರಿ ಮಾಮಾ?" ಅಂದಳು. ಧೂಳು ಬಿತ್ತು ಅಂದೆ. ಆಮೇಲೆ ಅಲ್ಲೇ ಹಾದಿಯ ಮೇಲೆ ಕೂತು ಅವಳಿಗೂ ಚಾಚಾಗೂ ಆ ಊರಿನ ಅಗಸಿಯ ಕತೆ ಹೇಳಿದೆ.

ಮಧ್ಯಾಹ್ನ ಪಿಕಪ್ ಗಾಡಿಯಲ್ಲಿ ಸೈಕಲ್ ಏರಿಸುವಾಗ ಚಾಲಕ ರೂಢಿಯಂತೆ ಅದನ್ನು ತಲೆಕೆಳಗು ಮಾಡಿ ಸೀಟಿನ ಮೇಲೆ ನಿಲ್ಲಿಸಲು ಹೋದ. ನಮ್ಮಲ್ಲಿ ಪಂಚರ್ ತೆಗೆಯುವಾಗಿನಿಂದ ಎಲ್ಲರೂ ಹಾಗೇ ಮಾಡುತ್ತೇವೆ. ಚಾಚಾ ಓಡಿಹೋಗಿ ತಡೆದರು. ಲಿವರಿನ ತಲೆಯಲ್ಲಿ ಗುಳ್ಳೆ ಉಳಿದಿದ್ದರೆ, ತಲೆಕೆಳಗಾದಾಗ ಅದಕ್ಕೆ ಮೇಲೆ ಎಂದರೆ ಪೈಪಿನ ಕಡೆ. ನೂರೈವತ್ತು ಕಿಲೋಮೀಟರ್ ಆಸುಪಾಸು ಕುಲುಕಿಕೊಂಡು ಹೋಗುವ ಗಾಡಿ. ನಾಲ್ಕು ಕಡೆ ಹಗ್ಗ ಕಟ್ಟಿ ನೆಟ್ಟಗೆ ನಿಲ್ಲಿಸಿ ಕಳಿಸಿದೆವು.

ಆ ಸಲ ಅವಳು ತಂಡಕ್ಕೆ ಆಯ್ಕೆಯಾಗಲಿಲ್ಲ. ಏರಿನಲ್ಲಿ ಉಸಿರು ಸಾಲಲಿಲ್ಲವಂತೆ. ಇಳಿಜಾರಿನಲ್ಲಿ ಮೂವರನ್ನು ಹಿಂದೆ ಹಾಕಿದಳಂತೆ. ಸೋಮವಾರ ಸಂಜೆ ಫೋನಿನಲ್ಲಿ ಅದನ್ನು ಅಳುತ್ತಲೇ ಹೇಳಿದಳು. ನಾನು ಬ್ರೇಕಿನ ಬಗ್ಗೆ ಕೇಳಲಿಲ್ಲ. ಅವಳೇ ಅಂದಳು: "ಚಾಚಾಗ ಹೇಳ್ರಿ, ಹಿಂದಿಂದು ಮೆತ್ತಗಾಗಲಿಲ್ಲ."

ಈಗ ಅವಳು ವಿಜಯಪುರದಲ್ಲೇ ಇದ್ದಾಳೆ, ಸಣ್ಣ ಹುಡುಗಿಯರಿಗೆ ಸೈಕಲ್ ಕಲಿಸುತ್ತಾಳೆ. ಅವರ ಬ್ರೇಕುಗಳ ಗಾಳಿಯನ್ನು ತಾನೇ ತೆಗೆಯುತ್ತಾಳೆ. ಹಾಸ್ಟೆಲಿನ ಹಿಂದಿನ ಕಿಟಕಿಯ ಸರಳಿಗೆ ಹಗ್ಗ ಹಾಕಿ ಸೈಕಲ್ ಮೂತಿ ಎತ್ತಿ ಕಟ್ಟಿದ ಫೋಟೋ ಒಮ್ಮೆ ಕಳಿಸಿದ್ದಳು. ಚಾಚಾ ಅದನ್ನು ದೊಡ್ಡದು ಮಾಡಿಸಿ ಶೆಡ್ಡಿನಲ್ಲಿ ಹಚ್ಚಿದ್ದಾರೆ. ಮೊನ್ನೆ ಸೀತನಿ ಬೆಂಕಿ ಇನ್ನೂ ಆರಿರಲಿಲ್ಲ, ಮಕ್ಕಳ ಕೈಬಾಯಿ ಎಲ್ಲ ಮಸಿ, ಅಷ್ಟರಲ್ಲಿ ಅವಳದೇ ಫೋನ್ ಬಂತು.

"ಮಾಮಾ, ಆ ಇಪ್ಪತ್ತೆರಡನೇ ನಂಬರಿನ ಬ್ಲೇಡು ಇನ್ನೂ ಅದಾವೇನ್ರಿ? ನಾಳಿ ಬಸ್ಸಿಗಿ ಒಂದು ನಾಕು ಕಳಸ್ರಿ."